ಸಹಾಯ ಬೇಕು: ಕಬ್ಬಿನ ರವದಿಯಿಂದ ಎಥನಾಲ್, ಹುದುಗು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಕಡೆಯವನು, ಎಂ.ಎಸ್ಸಿ. ಕೊನೆ ವರ್ಷ. ಕಟಾವು ಮುಗಿದ ಮೇಲೆ ನಮ್ಮ ಹೊಲದಲ್ಲೂ ರವದಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಹಚ್ತೀವಿ. ಆ ಹೊಗೆ ನೋಡಿಯೇ ಈ ಪ್ರಾಜೆಕ್ಟ್ ಹಿಡಿದೆ.

ರವದಿ ಪುಡಿ ಮಾಡಿ, ಶೇ. 1ರ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 121 ಡಿಗ್ರಿಗೆ ಒಂದು ಗಂಟೆ ಆಟೋಕ್ಲೇವ್ ಮಾಡಿದೆ (ಒತ್ತಡದ ಹಬೆಯಲ್ಲಿ ಬೇಯಿಸಿದೆ). ಆಮೇಲೆ ಸುಣ್ಣ ಹಾಕಿ ಪಿಎಚ್ 5ಕ್ಕೆ ತಂದು, ಸೆಲ್ಯುಲೇಸ್ (ನಾರನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ) ಬೆರೆಸಿ 50 ಡಿಗ್ರಿಯಲ್ಲಿ 72 ಗಂಟೆ ಇಟ್ಟೆ. ಸಕ್ಕರೆ ಚೆನ್ನಾಗೇ ಬಂತು. ಆದರೆ 30 ಡಿಗ್ರಿಗೆ ಆರಿಸಿ ಬೇಕರಿ ಯೀಸ್ಟ್ ಹಾಕಿದರೆ ಎರಡು ದಿನವಾದರೂ ಒಂದು ಗುಳ್ಳೆ ಇಲ್ಲ! ಅದೇ ಯೀಸ್ಟ್ ಬೆಲ್ಲದ ನೀರಲ್ಲಿ ಉಕ್ಕುತ್ತೆ. ಈ ಯೀಸ್ಟ್ ಕ್ಸೈಲೋಸ್ (ರವದಿಯಿಂದ ಬರೋ ಇನ್ನೊಂದು ಸಕ್ಕರೆ) ತಿನ್ನಲ್ಲ ಅಂತ ಗೊತ್ತು, ಆದರೆ ಗ್ಲೂಕೋಸೂ ಹಾಗೇ ಉಳಿದಿದೆ. ಆಸಿಡ್ ಕಾಯಿಸುವಾಗ ಹುಟ್ಟಿದ ಫರ್ಫ್ಯೂರಾಲ್ (ಸಕ್ಕರೆ ಕೆಟ್ಟು ಆಗೋ, ಯೀಸ್ಟ್‌ಗೆ ಆಗದ ವಸ್ತು) ತಡೀತಿದೆ ಅಂತ ನನ್ನ ಅನುಮಾನ.

ಅದನ್ನ ತೆಗೆಯೋಕೆ ಸುಣ್ಣದಿಂದ ಪಿಎಚ್ 10ರವರೆಗೆ ಏರಿಸಿ ಸೋಸಿದರೆ ಸಾಕಾ, ಇದ್ದಿಲೂ ಬೇಕಾ? ಕೈಯಾರೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.