ಸಹಾಯ ಬೇಕು: ರೈಲ್ವೆ ಗೇಟಿನ ಬಳಿ ಫೋಟೊ ತೆಗೆಯಲು ಯಾರ ಅನುಮತಿ ಪಡೆಯಬೇಕು?

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯವನು, ರೈಲಿನ ಹುಚ್ಚು. ಕೂಡಗಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳಿಗಾಗಿ ಆಲಮಟ್ಟಿ ಕಡೆಯ ಲೆವೆಲ್ ಕ್ರಾಸಿಂಗುಗಳಲ್ಲಿ ಕಾಯುತ್ತಿರುತ್ತೇನೆ. ಗೇಟು ಬಿದ್ದೊಡನೆ ಜನ ಮಾತಿಗಿಳಿಯುತ್ತಾರೆ. ಮೊನ್ನೆ ಟ್ರ್ಯಾಕ್ಟರಿನ ಮೇಲಿದ್ದ ಹಿರಿಯರೊಬ್ಬರು, “ತಮ್ಮಾ, ಸರ್ವೆಗೆ ಬಂದೆಯಾ? ಜೋಡಿ ಹಳಿಗೆ ಇನ್ನೆಷ್ಟು ಹೊಲ ಹೋಗುತ್ತದೆ?” ಎಂದರು. ಅಲ್ಲವೆಂದರೂ ನಂಬಲಿಲ್ಲ; ಆದರೂ ಕಬ್ಬಿನ ಜಲ್ಲೆಯೊಂದನ್ನು ಮುರಿದು ಕೈಗಿತ್ತರು. ಇಂಥವರಿಂದ ನನಗೇನೂ ತೊಂದರೆಯಿಲ್ಲ.

ತಲೆನೋವು ಪೊಲೀಸರದು. ಕಳೆದ ವಾರ ಇಬ್ಬರು ಬೈಕ್ ನಿಲ್ಲಿಸಿ, ಎದುರಿಗೇ ಚಿತ್ರಗಳನ್ನು ಒಂದೊಂದಾಗಿ ಅಳಿಸಿಸಿದರು. ರೈಲ್ವೆ ಜಾಗದಲ್ಲಿ ಅತಿಕ್ರಮವಾಗಿ ಕಾಲಿಟ್ಟರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂಬುದು ಗೊತ್ತು. ಆದರೆ ನಾನು ನಿಂತಿದ್ದು ಗೇಟಿನ ಹೊರಗೆ, ಡಾಂಬರು ರಸ್ತೆಯ ಅಂಚಿನಲ್ಲಿ!

ಹುಬ್ಬಳ್ಳಿಯ ವಿಭಾಗೀಯ ಕಚೇರಿಯಿಂದ ಲಿಖಿತ ಅನುಮತಿ ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕು? ಆ ಪತ್ರವನ್ನು ಊರಿನ ಠಾಣೆಯವರು ಒಪ್ಪುತ್ತಾರೋ, ಅವರಿಗೆ ಬೇರೆಯಾಗಿಯೇ ತಿಳಿಸಬೇಕೋ? ಸೇತುವೆಯ ಚಿತ್ರ ನನಗೆ ಬೇಡ. ಗೇಟು, ಎಂಜಿನ್ ಸಾಕು. ‘ಮೊಬೈಲಿನಲ್ಲಿ ತೆಗೆದರೆ ಯಾರೂ ಕೇಳುವುದಿಲ್ಲ’ ಎಂಬ ಸಲಹೆಯೊಂದನ್ನು ಮಾತ್ರ ದಯವಿಟ್ಟು ಕೊಡಬೇಡಿ.