ತೆಂಗಿನೆಣ್ಣೆಗೂ ಶ್ವಾಸಕೋಶದ ಕೋಶಕ್ಕೂ ಏನು ಸಂಬಂಧ?

ಪ್ರಶ್ನೆ (ಉಡುಪಿಯಿಂದ): ಲ್ಯಾಬಲ್ಲಿ ಶ್ವಾಸಕೋಶದ ಕೋಶಗಳಿಗೆ ಪಾಲ್ಮಿಟಿಕ್ ಆಸಿಡ್ ಅನ್ನೋ ಕೊಬ್ಬಿನಾಮ್ಲ ಹಾಕಿದರೆ ಸಾಯುತ್ತವೆ ಅಂತ ಓದಿದೆ. ತೆಂಗಿನೆಣ್ಣೆಯಲ್ಲೂ ಅದು ಉಂಟಲ್ವಾ? ಅಪ್ಪನಿಗೆ ಅಸ್ತಮಾ. ಎಣ್ಣೆ ಬದಲಿಸಬೇಕಾ?

ಉತ್ತರ (ಸೆಲ್ ಕಲ್ಚರ್ ಕೆಲಸ, ಮಂಗಳೂರು): ಓದಿದ್ದು ಸುಳ್ಳಲ್ಲ. ಆದರೆ ಆ ಕೋಶಗಳು ಯಾವುವು ಅಂತ ನೋಡಿ. ಇಂಥ ಪ್ರಯೋಗಕ್ಕೆ ತುಂಬಾ ಕಡೆ ಬಳಸುವುದು ಎ549 ಎಂಬ ಕೋಶಗಳನ್ನು. 1972ರಲ್ಲಿ 58 ವರ್ಷದ ಒಬ್ಬರ ಶ್ವಾಸಕೋಶದ ಗಡ್ಡೆಯಿಂದ ಬೆಳೆಸಿದ್ದು. ಅಂದರೆ ಕ್ಯಾನ್ಸರ್ ಕೋಶ.

ಪಾಲ್ಮಿಟಿಕ್ ನೀರಲ್ಲಿ ಕರಗುವುದಿಲ್ಲ. ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ ಹಾಕುತ್ತೇವೆ. ಕೋಶಗಳಿಗೆ ಒಂದೆರಡು ದಿನ ಅದರಲ್ಲೇ ವಾಸ. ಜಾಸ್ತಿಯಾದರೆ ಕೋಶದೊಳಗೆ ಪ್ರೋಟೀನ್ ಮಡಚುವ ಜಾಗ ಕೈಚೆಲ್ಲುತ್ತದೆ, ಕೋಶ ಸಾಯುತ್ತದೆ. ಜೊತೆಗೆ ಒಲೇಯಿಕ್ ಆಸಿಡ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಕೊಟ್ಟರೆ ಎಷ್ಟೋ ಕೋಶಗಳು ಬಚಾವ್. ಕೊಬ್ಬನ್ನು ಹನಿಹನಿಯಾಗಿ ಕಟ್ಟಿಡುತ್ತವೆ. ಮೈಕ್ರೋಸ್ಕೋಪಲ್ಲಿ ನೋಡಿದರೆ ಆಟಿಯ ಮಳೆಗೆ ಕೆಸುವಿನ ಎಲೆ ಮೇಲೆ ನಿಂತ ಹನಿಗಳ ಹಾಗೆ!

ಹಾಗಂತ ಒಲೇಯಿಕ್ ಸಾಧು ಅನ್ನಬೇಡಿ. ಅದನ್ನೇ ಪ್ರಾಣಿಗಳ ರಕ್ತನಾಳಕ್ಕೆ ಚುಚ್ಚಿ, ಬೇಕಂತಲೇ ಶ್ವಾಸಕೋಶ ಕೆಡಿಸಿ ಅಧ್ಯಯನ ಮಾಡುತ್ತಾರೆ. ಪಾಲ್ಮಿಟಿಕ್ ವಿಷವೂ ಅಲ್ಲ. ನಮ್ಮ ಗಾಳಿಚೀಲ ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟಿನ ಮುಖ್ಯ ಕೊಬ್ಬಿನಲ್ಲಿ ಇರುವುದೇ ಎರಡು ಪಾಲ್ಮಿಟಿಕ್ ಬಾಲಗಳು.

ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಸಿಡ್ ಎಂಬ ಬೇರೆ ಕೊಬ್ಬಿನಾಮ್ಲ. ಪಾಲ್ಮಿಟಿಕ್ ನೂರಕ್ಕೆ ಎಂಟೊಂಬತ್ತು ಪಾಲು ಅಷ್ಟೆ. ತಿಂದದ್ದು ಜೀರ್ಣವಾಗಿ, ಲಿವರ್, ರಕ್ತ ಎಲ್ಲ ಸುತ್ತಿ ಬರುತ್ತದೆ, ಕೋಶದ ಮೇಲೆ ಸುರಿಯುವುದಿಲ್ಲ. ಈ ಪ್ರಯೋಗ ಓದಿ ಎಣ್ಣೆ ಬದಲಿಸಬೇಡಿ. ಕೊಲೆಸ್ಟರಾಲ್ ಇದ್ದರೆ ಅದು ಬೇರೆ ಮಾತು, ಅಪ್ಪನ ಡಾಕ್ಟರನ್ನು ಕೇಳಿ.

ಪ್ರಶ್ನೆ: ಹಾಗಾದರೆ ಬೂತಾಯಿ ಮೀನಿನ ಒಮೇಗಾ-3 ಕೊಬ್ಬು?

ಉತ್ತರ: ಡಿಎಚ್‌ಎ ಎಂಬ ಒಮೇಗಾ-3 ಹಾಕಿದಾಗ ಎ549 ಬೆಳೆಯುವುದು ತಗ್ಗುತ್ತದೆ, ನಿಜ. ಅಷ್ಟಕ್ಕೆ ಮಲ್ಪೆಯ ಬೂತಾಯಿ ಮದ್ದಾಗುವುದಿಲ್ಲ ಮಾರಾಯ್ರೆ. ಪುಳಿಮುಂಚಿ ಮಾಡಿ, ರುಚಿಗೆ ತಿನ್ನಿ.

ಪ್ರಶ್ನೆ: ನಮ್ಮಲ್ಲಿ ಅಜ್ಜಿ ಮಗುವಿನ ಮೂಗಿಗೆ ಎರಡು ಹನಿ ತೆಂಗಿನೆಣ್ಣೆ ಬಿಡುತ್ತಾರೆ. ಅದು ಪರವಾಗಿಲ್ವಾ?

ಉತ್ತರ: ಪರವಾಗಿಲ್ಲ ಅನ್ನಲಾರೆ. ಇವತ್ತೇ ನಿಲ್ಲಿಸಿ. ಎಣ್ಣೆ ನುಣ್ಣಗೆ ಜಾರುತ್ತದೆ, ಕೆಮ್ಮು ಬರಿಸದೆಯೇ ಶ್ವಾಸಕೋಶಕ್ಕೆ ಇಳಿಯಬಹುದು. ಅಲ್ಲಿನ ಕಾವಲು ಕೋಶಗಳು ಅದನ್ನು ನುಂಗುತ್ತವೆ, ಆದರೆ ಅರಗಿಸುವುದು ಕಷ್ಟ. ಊತ ಶುರುವಾಗುತ್ತದೆ. ಇದಕ್ಕೆ ಲಿಪಾಯ್ಡ್ ನ್ಯುಮೋನಿಯಾ ಎನ್ನುತ್ತಾರೆ. ಮಗುವಿಗೆ ಕೆಮ್ಮು, ಉಬ್ಬಸ ಇದ್ದರೆ ಡಾಕ್ಟರಿಗೆ ಎಣ್ಣೆ ಬಿಟ್ಟ ವಿಷಯ ನೀವಾಗಿಯೇ ಹೇಳಿ. ಅವರು ಕೇಳದೆಯೂ ಇರಬಹುದು.