ಪದಚರ್ಚೆ: ಸ್ಯಾಮ್ ಕುಕ್ ಕುರಿತ ಲೇಖನಕ್ಕೆ ‘ಸೋಲ್’, ‘ಸೆಕ್ಯುಲರ್’, ‘ಕ್ವಾರ್ಟೆಟ್’, ‘ಪಬ್ಲಿಷಿಂಗ್’

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಗಾಯಕ ಸ್ಯಾಮ್ ಕುಕ್ (1931–1964) ಬಗ್ಗೆ ಮಾಸಪತ್ರಿಕೆಯೊಂದಕ್ಕೆ ಲೇಖನ ತಯಾರಾಗುತ್ತಿದೆ. ಕೆಲವು ಕಡೆ ಪದ ಕೂರುತ್ತಿಲ್ಲ. ‘ಸೋಲ್ ಗಾಯಕ’ ಎಂದರೆ ಓದುಗರು ಸೋಲು-ಗೆಲುವಿನ ಸೋಲು ಎಂದುಕೊಂಡಾರು, ‘ಆತ್ಮಸಂಗೀತ’ ಎನ್ನಬಹುದೆ? ಚರ್ಚಿನ ಹಾಡು ಬಿಟ್ಟು ‘ಸೆಕ್ಯುಲರ್’ ಹಾಡಿಗೆ ಬಂದ ಎನ್ನುವಲ್ಲಿ ಕರಡಿನಲ್ಲಿ ‘ಜಾತ್ಯತೀತ ಗೀತೆಗಳು’ ಎಂದಿದೆ, ಸರಿಯೆ? ‘ಗಾಸ್ಪೆಲ್ ಕ್ವಾರ್ಟೆಟ್’ಗೆ ‘ಸುವಾರ್ತಾ ಚತುಷ್ಟಯ’ ಆದೀತೆ? ಹಾಡಿನ ವ್ಯವಹಾರದ ‘ಪಬ್ಲಿಷಿಂಗ್’, ‘ಮಾಸ್ಟರ್’, ‘ರಾಯಲ್ಟಿ’ಗಳಿಗೆ ಏನು ಬಳಸುವುದು? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ಮೊದಲು ‘ಜಾತ್ಯತೀತ’ವನ್ನು ತೆಗೆಯಿರಿ. ಅದು ರಾಜಕಾರಣದ ಪದ, ಸರ್ಕಾರ ಮತ್ತು ಧರ್ಮದ ಸಂಬಂಧಕ್ಕೆ ಸೇರಿದ್ದು. ಕುಕ್ ಹಾಡತೊಡಗಿದ್ದು ಪ್ರೇಮಗೀತೆಗಳನ್ನು. ಅದಕ್ಕೆ ‘ಲೌಕಿಕ ಗೀತೆ’ ಎಂಬ ಒಳ್ಳೆಯ ಪದ ಕನ್ನಡದಲ್ಲೇ ಇದೆ. ಈ ಪದ ಸರಿಯಾಗಿ ಬೀಳದಿದ್ದರೆ ಅವನ ಬದುಕಿನ ಮುಖ್ಯ ತಿರುವೇ ಓದುಗರಿಗೆ ಕಾಣುವುದಿಲ್ಲ. ಅವನ ತಂದೆ ಪಾದ್ರಿ. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಹುಟ್ಟಿ ಷಿಕಾಗೋದಲ್ಲಿ ಬೆಳೆದ ಹುಡುಗ 1950ರ ಕೊನೆಗೆ ‘ಸೋಲ್ ಸ್ಟಿರರ್ಸ್’ ಎಂಬ ಭಕ್ತಿಗೀತೆಗಳ ತಂಡದಲ್ಲಿ ಆರ್.ಎಚ್. ಹ್ಯಾರಿಸ್ ಬಿಟ್ಟ ಜಾಗಕ್ಕೆ ಮುಖ್ಯ ಗಾಯಕನಾಗಿ ಬಂದ. ಆ ತಂಡದ ಕೇಳುಗರ ಕಣ್ಣಲ್ಲಿ ಪ್ರೇಮಗೀತೆ ಹಾಡುವುದೆಂದರೆ ದೇವರ ಸೇವೆಗೆ ಬೆನ್ನು ತಿರುಗಿಸಿದಂತೆ. ಆದ್ದರಿಂದಲೇ 1956ರ ‘ಲವಬಲ್’ ಪ್ಲೇಟಿನ ಮೇಲೆ ‘ಡೇಲ್ ಕುಕ್’ ಎಂಬ ಹೆಸರಿತ್ತು. ಅದು ತಂಡದ ‘ವಂಡರ್‌ಫುಲ್’ ಎಂಬ ಭಕ್ತಿಗೀತೆಯನ್ನೇ ಹೆಣ್ಣಿನ ಮೇಲಿನ ಹಾಡಾಗಿ ಮಾರ್ಪಡಿಸಿದ್ದು. ಹೆಸರು ಮರೆಸಿದರೂ ದನಿ ಮರೆಯಾಗಲಿಲ್ಲ.

ಇಲ್ಲಿ ಕ್ರಿಯಾಪದದ ಮೇಲೂ ಕಣ್ಣಿರಲಿ. ‘ಲೌಕಿಕಕ್ಕೆ ಇಳಿದ’ ಎಂದರೆ ಅದು ಆ ಭಕ್ತರ ತೀರ್ಪು, ಲೇಖಕರ ಮಾತಲ್ಲ. ನಿಮ್ಮ ಮಾತಾಗಿ ಬರೆಯುವಾಗ ‘ಬಂದ’ ಅಥವಾ ‘ಹೊರಳಿದ’ ಎನ್ನಿ.

‘ಆತ್ಮಸಂಗೀತ’ ಬೇಡ. ಓದುಗರು ಅಧ್ಯಾತ್ಮದ ಕಡೆಗೆ ಹೋಗುತ್ತಾರೆ. ಸೋಲ್ ಸಂಗೀತ ಹುಟ್ಟಿದ್ದು ಚರ್ಚಿನ ಹಾಡುಗಾರಿಕೆಗೆ ಲೌಕಿಕ ಮಾತು ಸೇರಿದಾಗ. ‘ಸೋಲ್’ ಎಂದೇ ಉಳಿಸಿ. ತೊಡಕಿರುವುದು ವಿಭಕ್ತಿ ಪ್ರತ್ಯಯದಲ್ಲಿ: ‘ಸೋಲಿನ ಗಾಯಕ’, ‘ಸೋಲಿಗೆ ಅವನ ಕೊಡುಗೆ’ ಎಂದ ಕೂಡಲೇ ಅದು ಕನ್ನಡದ ಸೋಲೇ ಆಗಿಬಿಡುತ್ತದೆ. ಪ್ರತ್ಯಯವನ್ನು ‘ಸಂಗೀತ’ಕ್ಕೆ ಹಚ್ಚಿ: ‘ಸೋಲ್ ಸಂಗೀತದ ಗಾಯಕ’, ‘ಸೋಲ್ ಸಂಗೀತಕ್ಕೆ ಅವನ ಕೊಡುಗೆ’. ತಲೆಬರಹದಲ್ಲಿ ಎರಡು ಪದಗಳು ಬೇರೆ ಬೇರೆ ಸಾಲಿಗೆ ಒಡೆಯದಂತೆ ಪುಟ ಕಟ್ಟುವವರಿಗೆ ಹೇಳಿಬಿಡಿ.

ಕಾಲವನ್ನೂ ನೋಡಿಕೊಳ್ಳಿ. ಅಮೆರಿಕದ ಸಂಗೀತೋದ್ಯಮದ ‘ಬಿಲ್‌ಬೋರ್ಡ್’ ಪತ್ರಿಕೆ ಕಪ್ಪು ಜನರ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಗೆ 1949ರಲ್ಲಿ ‘ರಿದಂ ಅಂಡ್ ಬ್ಲೂಸ್’ ಎಂದು ಹೆಸರಿಟ್ಟಿತು. ‘ಸೋಲ್’ ಎಂಬ ಪಟ್ಟಿ ಬಂದದ್ದು 1969ರಲ್ಲಿ, ಕುಕ್ ತೀರಿಕೊಂಡ ಮೇಲೆ. 1957ರ ‘ಯೂ ಸೆಂಡ್ ಮಿ’ ಪಾಪ್ ಮತ್ತು ರಿದಂ ಅಂಡ್ ಬ್ಲೂಸ್ ಎರಡೂ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು ಎಂದು ಬರೆಯಿರಿ. ‘ಸೋಲ್ ಪಟ್ಟಿಯಲ್ಲಿ’ ಎಂದರೆ ತಪ್ಪು.

‘ಚತುಷ್ಟಯ’ವೂ ಕೈಕೊಡುತ್ತದೆ. ಗಾಸ್ಪೆಲ್ ಲೋಕದಲ್ಲಿ ಕ್ವಾರ್ಟೆಟ್ ಎಂದರೆ ನಾಲ್ಕು ಸ್ತರದ ಸ್ವರಮೇಳದಲ್ಲಿ ಹಾಡುವ ಪದ್ಧತಿ, ತಲೆಯೆಣಿಕೆ ಅಲ್ಲ. ಸೋಲ್ ಸ್ಟಿರರ್ಸ್ ಹ್ಯಾರಿಸ್ ಕಾಲದಲ್ಲೇ ಇಬ್ಬರು ಮುಖ್ಯ ಗಾಯಕರನ್ನು ಇಟ್ಟುಕೊಂಡಿತ್ತು: ಒಬ್ಬ ಮುಂದೆ ನಿಂತು ಹಾಡುವಾಗಲೂ ಹಿಂದೆ ನಾಲ್ಕು ದನಿ ಪೂರ್ತಿಯಾಗಿರಲಿ ಎಂದು. ಹಾಗಾಗಿ ಚಿತ್ರದಲ್ಲಿ ಐದಾರು ಜನ ಇರುತ್ತಾರೆ, ಅಡಿಬರಹದಲ್ಲಿ ‘ಚತುಷ್ಟಯ’ ಎಂದಿದ್ದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ. ‘ಗಾಸ್ಪೆಲ್ ತಂಡ’ ಸಾಕು. ‘ಸುವಾರ್ತೆ’ ಎಂದರೆ ನಮ್ಮಲ್ಲಿ ಬೈಬಲ್ಲಿನ ಸಂದೇಶ. ಹಾಡಿನ ಪ್ರಕಾರಕ್ಕೆ ‘ಗಾಸ್ಪೆಲ್’ ಉಳಿಸಿಕೊಂಡು, ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಗಾಯನ ಎಂದು ಒಮ್ಮೆ ವಿವರಿಸಿ.

ಇನ್ನು ಹಣದ ವಿಷಯ. ಲೇಖನಗಳು ಹೆಚ್ಚು ಎಡವುವುದು ಇಲ್ಲೇ. ಒಂದು ಪ್ಲೇಟಿನಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿವೆ. ಸಾಹಿತ್ಯ ಮತ್ತು ಮಟ್ಟು ಸೇರಿ ಒಂದು. ಅದರ ಒಡೆತನವೇ ಪಬ್ಲಿಷಿಂಗ್. ಆ ಹಾಡಿನ ಒಂದು ನಿರ್ದಿಷ್ಟ ಧ್ವನಿಮುದ್ರಣ ಇನ್ನೊಂದು. ಅದರ ಮೂಲಪ್ರತಿಯೇ ಮಾಸ್ಟರ್. ‘ಪ್ರಕಾಶನ’ ಎಂದರೆ ಪುಸ್ತಕ ಅಚ್ಚು ಹಾಕಿಸಿದಂತೆ ಕೇಳುತ್ತದೆ. ‘ಹಾಡಿನ ಹಕ್ಕು’, ‘ಧ್ವನಿಮುದ್ರಣದ ಹಕ್ಕು’ ಎಂದು ಎರಡಾಗಿ ಇಟ್ಟುಕೊಳ್ಳಿ. ಆಗಿನ ಅಮೆರಿಕದ ಕಾನೂನಿನಂತೆ ಮಾರಾಟವಾದ ಪ್ರತಿ ಪ್ಲೇಟಿಗೆ ಒಂದೊಂದು ಹಾಡಿಗೂ 2 ಸೆಂಟ್. ಸಾಮಾನ್ಯವಾಗಿ ಅರ್ಧ ಹಕ್ಕುದಾರ ಕಂಪನಿಗೆ, ಅರ್ಧ ಬರೆದವನಿಗೆ. ಪ್ಲೇಟಿನ ಎರಡನೇ ಮಗ್ಗುಲಿನ ಹಾಡಿಗೂ ಅಷ್ಟೇ ಸಲ್ಲುತ್ತಿತ್ತು.

‘ಯೂ ಸೆಂಡ್ ಮಿ’ ಬರೆದವನು ಸ್ಯಾಮ್. ಕಾಗದದ ಮೇಲೆ ಹೆಸರು ಮಾತ್ರ ತಮ್ಮ ಎಲ್.ಸಿ.ಯದು. ಹಳೆಯ ರೆಕಾರ್ಡ್ ಕಂಪನಿ ‘ಸ್ಪೆಷಾಲ್ಟಿ’ಯ ಯಜಮಾನ ಆರ್ಟ್ ರೂಪ್‌ಗೆ ಹಾಡಿನ ಹಕ್ಕು ಸೇರದಿರಲಿ ಎಂದು ಹೀಗೆ ಮಾಡಿದ್ದು. ‘ತಮ್ಮನ ರಚನೆಯನ್ನು ಅಣ್ಣ ಹಾಡಿದ’ ಎಂದು ಬರೆದೀರಿ, ಜೋಕೆ. ಮುಂದೆ ಸ್ಯಾಮ್ ತನ್ನ ಪಾಲುದಾರ ಜೆ.ಡಬ್ಲ್ಯೂ. ಅಲೆಗ್ಸಾಂಡರ್ ಜತೆ ‘ಕ್ಯಾಗ್ಸ್’ ಮತ್ತು ‘ಸಾರ್’ ಎಂಬ ಎರಡು ಸಂಸ್ಥೆಗಳನ್ನು ನಡೆಸಿದ. ಕ್ಯಾಗ್ಸ್ ಹಾಡಿನ ಹಕ್ಕಿನದು, ಸಾರ್ ಪ್ಲೇಟು ತರುವುದು. ಎರಡನ್ನೂ ‘ರೆಕಾರ್ಡ್ ಕಂಪನಿ’ ಎಂದು ಒಂದೇ ಗಂಟಿಗೆ ಕಟ್ಟಬೇಡಿ. 1964ರಲ್ಲಿ ಸಾರ್‌ಗೆ ವ್ಯಾಲೆಂಟಿನೋಸ್ ತಂಡ ಹಾಡಿದ ‘ಇಟ್ಸ್ ಆಲ್ ಓವರ್ ನೌ’ ಹಾಡನ್ನು ಅದೇ ವರ್ಷ ಬ್ರಿಟನ್ನಿನ ರೋಲಿಂಗ್ ಸ್ಟೋನ್ಸ್ ತಂಡದವರು ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಒಯ್ದರು. ಆ ಧ್ವನಿಮುದ್ರಣ ಸಾರ್‌ನದಲ್ಲ, ಆದರೆ ಹಾಡಿನ ಹಕ್ಕು ಕ್ಯಾಗ್ಸ್‌ನದು. ಆ ಕಾಲದ ಕಪ್ಪು ಗಾಯಕರಲ್ಲಿ ಇಷ್ಟು ಮುಂದಾಲೋಚನೆ ಮಾಡಿ ಒಡೆತನ ಕಟ್ಟಿಕೊಂಡವರು ಬಹಳ ಕಡಿಮೆ. ಲೇಖನದಲ್ಲಿ ಇದಕ್ಕೊಂದು ಪ್ಯಾರಾ ಸಲ್ಲಲೇಬೇಕು.

‘ರಾಜಧನ’ ಎಂದರೆ ಗಣಿ, ಕಲ್ಲುಕ್ವಾರಿ ನೆನಪಾಗುತ್ತವೆ. ‘ಗೌರವಧನ’ ಕೊಡುವವರ ಮರ್ಜಿಯ ಹಣದಂತೆ ಕೇಳುತ್ತದೆ, ಇದು ಹಕ್ಕಿನ ಹಣ. ‘ರಾಯಲ್ಟಿ’ಯೇ ಇರಲಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಹೆಸರು ‘ಕುಕ್’, ‘ಕೂಕ್’ ಅಲ್ಲ. ಲೌಕಿಕ ಹಾಡಿಗೆ ಬಂದಾಗ ಮನೆತನದ ಹೆಸರಿನ ಕೊನೆಗೆ ಉಚ್ಚಾರವಿಲ್ಲದ ‘ಇ’ ಸೇರಿಸಿಕೊಂಡ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುವುದರಿಂದ ಇದನ್ನು ವಾಕ್ಯದಲ್ಲೇ ಹೇಳಬೇಕು.

ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಜಾರಿಸುವ ಅವನ ಗುರುತಿನ ವರಸೆಗೆ ಬರೀ ‘ಗಮಕ’ ಎಂದರೆ ಕಾವ್ಯವಾಚನದ ಗಮಕವೂ ನೆನಪಾಗುತ್ತದೆ. ‘ಮುರ್ಕಿ’ ಹತ್ತಿರದ ಪದ, ಆದರೆ ಹಿಂದೂಸ್ತಾನಿ ಬಲ್ಲವರಿಗಷ್ಟೇ ತಿಳಿದೀತು. ಈಗ ನಾನು ಬರೆದಂತೆ ಬಿಡಿಸಿ ಹೇಳುವುದೇ ವಾಸಿ. ‘ಬ್ರಿಂಗ್ ಇಟ್ ಆನ್ ಹೋಮ್ ಟು ಮಿ’ (1962) ಹಾಡಿನಲ್ಲಿ ಗಾಯಕ ಲೂ ರಾಲ್ಸ್ ಹಿಂದಿನಿಂದ ದನಿಗೂಡಿಸುವುದನ್ನು ‘ಸೊಲ್ಲು’ ಎನ್ನಬೇಡಿ. ನಮ್ಮ ಜನಪದ ಹಾಡಿನಲ್ಲಿ ಸೊಲ್ಲು ಮತ್ತೆ ಮತ್ತೆ ಬರುವ ಸಾಲು. ಇಲ್ಲಿರುವುದು ಕರೆಗೆ ಓಗೊಡುವ ರೀತಿ. ‘ಓಗೊಡುವ ದನಿ’ ಎನ್ನಬಹುದು.

ಸಾವಿನ ವಿಚಾರ: 1964ರ ಡಿಸೆಂಬರ್ 11ರಂದು ಲಾಸ್ ಏಂಜಲೀಸ್‌ನ ಮೋಟೆಲೊಂದರಲ್ಲಿ ಅಲ್ಲಿನ ಮ್ಯಾನೇಜರ್ ಹಾರಿಸಿದ ಗುಂಡಿಗೆ ಬಲಿಯಾದ. ವಿಚಾರಣೆಯ ತೀರ್ಪು ಅದನ್ನು ಕಾನೂನುಸಮ್ಮತ ನರಹತ್ಯೆ ಎಂದಿತು. ಅವನ ಮನೆಯವರೂ ಅಭಿಮಾನಿಗಳೂ ಒಪ್ಪಲಿಲ್ಲ. ‘ಕೊಲೆ’ ಎಂದರೆ ತೀರ್ಪಿಗೆ ವಿರುದ್ಧ, ‘ಆಕಸ್ಮಿಕ’ ಎಂದರೆ ಸುಳ್ಳು. ‘ಗುಂಡೇಟಿಗೆ ಬಲಿಯಾದ’ ಎಂದು ಬರೆದು, ತೀರ್ಪನ್ನೂ ಅಸಮ್ಮತಿಯನ್ನೂ ಬೇರೆ ವಾಕ್ಯಗಳಲ್ಲಿ ಕೊಡಿ. ‘ಮ್ಯಾನೇಜರ್’ ಇಲ್ಲಿ ಎರಡು ಅರ್ಥದಲ್ಲಿ ಬರುತ್ತದೆ: ಮೋಟೆಲಿನ ಮ್ಯಾನೇಜರ್, ಕುಕ್‌ನ ಮ್ಯಾನೇಜರ್. ಕುಕ್‌ನ ಮ್ಯಾನೇಜರ್ ಅಲೆನ್ ಕ್ಲೈನ್‌ಗೆ ‘ವ್ಯವಹಾರ ನೋಡಿಕೊಳ್ಳುತ್ತಿದ್ದವನು’ ಎನ್ನಿ.

‘ಎ ಚೇಂಜ್ ಈಸ್ ಗಾನಾ ಕಮ್’ 1964ರ ಆಲ್ಬಮ್‌ನಲ್ಲಿ ಬಂತು. ಅವನು ತೀರಿಕೊಂಡ ಮೇಲೆ ‘ಶೇಕ್’ ಸಿಂಗಲ್‌ನ (ಎರಡು ಹಾಡಿನ ಪ್ಲೇಟು) ಎರಡನೇ ಮಗ್ಗುಲಾಗಿ ಮತ್ತೆ ಬಂತು. ರೇಡಿಯೋಗೆಂದು ಮೊಟಕುಗೊಳಿಸಿದ ಆ ಸಿಂಗಲ್‌ನಲ್ಲಿ ಒಂದು ಚರಣವೇ ಇಲ್ಲ. ಸಿನಿಮಾಕ್ಕೆ, ಪೇಟೆಗೆ ಹೋದರೆ ಇಲ್ಲಿ ಸುಳಿಯಬೇಡ ಎಂದು ಗದರಿಸಿಕೊಳ್ಳುವ ಚರಣ ಅದು. ಜನಾಂಗಭೇದವನ್ನು ಹಾಡು ನೇರವಾಗಿ ಮುಟ್ಟುವುದು ಅಲ್ಲೇ. ಅದರ ಅರ್ಥ ಬರೆಯುವ ಮುನ್ನ ಆಲ್ಬಮ್‌ನ ಪಾಠವನ್ನೇ ಕೇಳಿ, ಲೇಖನದಲ್ಲೂ ಯಾವ ಪಾಠವೆಂದು ನಮೂದಿಸಿ.